ಹೆಸರು ಹೇಳಿದರೆ ಸಾಕು, ತರಿಸುತ್ತದೆ

ನಮ್ಮ ಆಫೀಸಿನಲ್ಲಿ ಕೆಲಸ ಕಡಿಮೆ ಮಾಡುವ ಉಪಾಯವೊಂದು ಶುರುವಾಯಿತೆಂದರೆ ಆ ವಾರ ಎಲ್ಲರೂ ಮನೆಗೆ ತಡವಾಗಿ ಹೋಗುತ್ತಾರೆ. ಎಷ್ಟು ಸಲ ಹೀಗಾದರೂ ಯಾರಿಗೂ ಬುದ್ಧಿ ಬಂದಿಲ್ಲ. ನನಗೂ ಬಂದಿಲ್ಲ. ಬಂದಿದ್ದರೆ ಬೇರೆ ಕಡೆ ಕೆಲಸ ನೋಡುತ್ತಿದ್ದೆ.

ಆಫೀಸು ಇರುವುದು ಮಂಗಳೂರಿನ ಒಂದು ಮೀನೂಟದ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ. ಕೆಳಗೆ ಬಂಗುಡೆ ಮೀನು ಕಾವಲಿಗೆ ಬಿದ್ದ ಮೇಲೆ ಮಾಳಿಗೆಯಲ್ಲಿ ಯಾರೂ ಗಂಭೀರವಾಗಿ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಕಟ್ಟಡ, ಹೋಟೆಲು, ವಾಸನೆ ಮೂರೂ ನಮ್ಮ ಬಾಸ್‌ನ ಸೋದರಮಾವನಿಗೆ ಸೇರಿದ್ದು. ಊರೆಲ್ಲ ಅವರನ್ನು ಧಣಿ ಎನ್ನುತ್ತದೆ. ಧಣಿಗೆ ಈ ಮಾಳಿಗೆಯಲ್ಲಿ ಪಾರ್ಟಿ ಹಾಲ್ ಮಾಡಬೇಕೆಂದು ಆಸೆ. ಅಳಿಯ ಕಂಪ್ಯೂಟರ್ ಇಟ್ಟುಕೊಂಡು ಅಡ್ಡ ಕೂತಿದ್ದಾನೆ. ಹೋಟೆಲಿಗೆ ಆರ್ಡರ್ ತೆಗೆದುಕೊಳ್ಳುವ ಒಂದು ಆ್ಯಪ್ ಮಾಡಿ ತೋರಿಸಿದರೆ ಆಫೀಸು ಉಳಿಯುತ್ತದೆ, ಇಲ್ಲದಿದ್ದರೆ ನನ್ನ ಮೇಜಿದ್ದಲ್ಲಿ ಯಾರದೋ ಮಗುವಿನ ಕೇಕ್ ಕತ್ತರಿಸುತ್ತಾರೆ. ಮಾವ-ಅಳಿಯರ ನಡುವೆ ಇಷ್ಟು ಮಾತಾಗಿತ್ತು.

ನಾವು ಮಾಡುತ್ತಿದ್ದದ್ದು ಮೊಬೈಲ್ ಆ್ಯಪ್‌ನ ಪರದೆಗಳನ್ನು ಕಟ್ಟುವ ಒಂದು ಉಪಕರಣ. ಬಟನ್, ಚಿತ್ರ, ಪೆಟ್ಟಿಗೆ ಇತ್ಯಾದಿ ತುಂಡುಗಳಿಗೆ ಕಾಂಪೊನೆಂಟ್ ಎಂದು ಹೆಸರು. ಪ್ರತಿ ಫೈಲಿನ ತಲೆಯಲ್ಲಿ ಇಂಥ ತುಂಡು ಇಂಥ ಫೋಲ್ಡರಿನಿಂದ ಬರಲಿ ಎಂದು ಒಂದು ಸಾಲು ಬರೆಯಬೇಕು. ಅದು ಇಂಪೋರ್ಟ್. ಮದುವೆಗೆ ಪಾತ್ರೆ ಬಾಡಿಗೆಗೆ ತರಿಸುವಾಗ ಯಾವ ಅಂಗಡಿಯಿಂದ ಯಾವ ಹಂಡೆ ಎಂದು ಚೀಟಿ ಬರೆದಂತೆ. ಈ ಚೀಟಿ ಬರೆಯುವುದು ಬೇಜಾರಿನ ಕೆಲಸ ಎಂದು ಬಾಸ್‌ಗೆ ಒಂದು ದಿನ ಅನಿಸಿತು. ಅವನು ಯಾವತ್ತೂ ಬರೆದವನಲ್ಲ. "ಹೆಸರು ಹೇಳಿದರೆ ಸಾಕು, ಅದೇ ಹುಡುಕಿ ತರಿಸಬೇಕು" ಎಂದ. ಉಳ್ಳಾಲದಿಂದ ಬರುವ ನಮ್ಮ ಇಂಜಿನಿಯರ್ ಅದನ್ನು ಬರೆದಳು. ಶಕ್ತಿನಗರದ ಡಿಸೈನರ್ ಅದನ್ನು ಬಳಸಿದ. ತಪ್ಪು ಹುಡುಕುವ ಕೆಲಸ ನನ್ನದು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಆದರೆ ಇಲ್ಲಿ ತಪ್ಪು ಹುಡುಕಲು ದೂರ ಹೋಗುವ ಅಗತ್ಯ ಬಂದಿಲ್ಲ.

೧. ಡ್ಯೂಟಿ ಇಲ್ಲ, ಬಿಲ್ಲೂ ಇಲ್ಲ

ಕೆಳಗೆ ಗಲ್ಲಾದಲ್ಲಿ ಕೂರುವ ಮ್ಯಾನೇಜರ್ ಗಲ್ಫಿನಿಂದ ವಾಪಸ್ ಬಂದವರು. ಲೋಕದ ಯಾವ ವಿಷಯ ಎತ್ತಿದರೂ ಅವರ ಬಳಿ ದುಬೈಯ ಒಂದು ಉದಾಹರಣೆ ಇರುತ್ತದೆ. ಬಾಸ್ ಚಹಾ ಕುಡಿಯುತ್ತ ಅವರಿಗೆ ಹೆಮ್ಮೆಯಿಂದ ಹೇಳಿದ, "ಇನ್ನು ನಮ್ಮಲ್ಲಿ ಇಂಪೋರ್ಟ್ ಎಲ್ಲ ಆಟೋಮ್ಯಾಟಿಕ್."

ಮ್ಯಾನೇಜರ್ ಬಟ್ಟಲಿಗೆ ಸೋಂಪು ತುಂಬುವುದನ್ನು ನಿಲ್ಲಿಸಿದರು. "ಎಂತ ಇಂಪೋರ್ಟ್? ಗೇರುಬೀಜವಾ?"

"ಅಲ್ಲ, ಕಾಂಪೊನೆಂಟ್."

"ಪಾರ್ಟ್ಸಾ? ಯಾವ ಗಾಡಿದು?"

"ಗಾಡಿದಲ್ಲ ಮಾರಾಯ್ರೆ. ಹೆಸರು ಟೈಪ್ ಮಾಡಿದರೆ ಸಾಕು, ತನ್ನಷ್ಟಕ್ಕೇ ಬರ್ತದೆ. ಯಾರೂ ಕೈ ಹಾಕುದು ಬೇಡ."

ಮ್ಯಾನೇಜರ್ ಆಚೀಚೆ ನೋಡಿ ಧ್ವನಿ ಇಳಿಸಿದರು. "ಕಸ್ಟಮ್ಸ್ ಡ್ಯೂಟಿ?"

"ಡ್ಯೂಟಿ ಗೀಟಿ ಎಂತದೂ ಇಲ್ಲ."

"ಬಿಲ್?"

"ಬಿಲ್ಲೂ ಇಲ್ಲ."

ಆ ದಿನದಿಂದ ನಮ್ಮ ಊಟದ ತಟ್ಟೆಗೆ ಕೇಳದೆಯೇ ಒಂದು ತುಂಡು ಅಂಜಲ್ ಮೀನು ಬೀಳತೊಡಗಿತು. ನಾವು ಮೆಟ್ಟಿಲು ಹತ್ತುವಾಗ ಮ್ಯಾನೇಜರ್ ಎದ್ದು ನಿಲ್ಲುತ್ತಿದ್ದರು. ವಾರ ಕಳೆದ ಮೇಲೆ ನನ್ನನ್ನು ಕೈತೊಳೆಯುವ ಜಾಗದ ಹತ್ತಿರ ಕರೆದುಕೊಂಡು ಹೋಗಿ ಕೇಳಿದರು, "ನೀವು ಓದಿದವರು, ಸುಳ್ಳು ಹೇಳುವವರಲ್ಲ. ಬಜಪೆಯಲ್ಲಿ ಹಿಡಿಯುದಿಲ್ವಾ?"

ಕಳ್ಳಸಾಗಣೆಯ ಚಿನ್ನದ ಲೆಕ್ಕದಲ್ಲಿದ್ದಾರೆ ಎಂದು ಆಗ ಹೊಳೆಯಿತು. ಬಜಪೆಯ ವಿಮಾನ ನಿಲ್ದಾಣಕ್ಕೂ ನಮಗೂ ಸಂಬಂಧವಿಲ್ಲ, ಸಾಮಾನು ಒಂದೇ ಕಂಪ್ಯೂಟರಿನ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಬರುತ್ತದೆ, ಕೈಯಲ್ಲಿ ಹಿಡಿಯುವಂಥದ್ದು ಏನೂ ಇಲ್ಲ ಎಂದು ನಾನು ಸಾವಕಾಶವಾಗಿ ವಿವರಿಸಿದೆ. ಮ್ಯಾನೇಜರ್ ಕೊನೆಯವರೆಗೂ ಕೇಳಿದರು. ತಲೆಯಾಡಿಸಿದರು. ನನ್ನ ಭುಜ ತಟ್ಟಿದರು.

"ಗೊತ್ತಾಯ್ತು," ಎಂದರು. "ಯಾರಾದರೂ ಕೇಳಿಕೊಂಡು ಬಂದರೆ ನಾನೂ ಹೀಗೇ ಹೇಳ್ತೇನೆ."

೨. ಸಕುಟುಂಬ ಸಪರಿವಾರ

ಹೊಸ ಉಪಕರಣದ ಮೊದಲ ಗಿರಾಕಿ ಒಬ್ಬರು ಹಲ್ಲಿನ ಡಾಕ್ಟರು. ರೋಗಿಗೆ ಬರಬೇಕಾದ ದಿನ, ಹೊತ್ತು ತಿಳಿಸುವ ಪುಟ್ಟ ಆ್ಯಪ್. ಡಿಸೈನರ್ ಅದರಲ್ಲಿ 'ಕಾರ್ಡ್' ಎಂದು ಟೈಪ್ ಮಾಡಿದ. ನಮ್ಮ ಫೋಲ್ಡರುಗಳಲ್ಲಿ ಎರಡು ಕಾರ್ಡುಗಳಿದ್ದವು. ಒಂದು ಬರಿಯ ಬಿಳಿ ಪೆಟ್ಟಿಗೆ. ಇನ್ನೊಂದು ಹಿಂದೆ ಯಾವುದೋ ಮದುವೆ ಕರೆಯೋಲೆಗೆ ಮಾಡಿದ್ದು. ಯಾವುದು ಬೇಕು ಎಂದು ಕೇಳುವ ಸೌಜನ್ಯ ಉಪಕರಣಕ್ಕೆ ಇರಲಿಲ್ಲ. ಮೊದಲು ಕಂಡದ್ದನ್ನು ತಂದಿತು.

ಅಂಚಿನಲ್ಲಿ ಮಾವಿನ ತೋರಣ ಇದೆ ಎಂದು ನಾನು ಹೇಳಿದೆ.

"ಚಂದ ಉಂಟಲ್ಲ," ಎಂದ ಬಾಸ್. "ನೀವು ಎಂತಕ್ಕೂ ಬೇಡ ಅನ್ನುವವರು."

ತೋರಣದ ಜೊತೆಗೆ ಕರೆಯೋಲೆಯ ಒಕ್ಕಣೆಯೂ ಬಂದಿತ್ತು. ಅದು ನಮ್ಮ ಪರದೆಯಲ್ಲಿ ಕಾಣಿಸುತ್ತಿರಲಿಲ್ಲ, ರೋಗಿಯ ಫೋನಿಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ತಮ್ಮ ಬಲಗಡೆಯ ದವಡೆ ಹಲ್ಲನ್ನು ಕೀಳುವ ಕಾರ್ಯವು ಶುಕ್ರವಾರದ ಶುಭ ಮುಹೂರ್ತದಲ್ಲಿ ಜರುಗಲಿರುವುದರಿಂದ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ. ಕೆಳಗೆ, ತಮ್ಮ ಸುಖಾಗಮನ ಬಯಸುವ ಡಾಕ್ಟರು. ಉಡುಗೊರೆಗಿಂತ ಆಶೀರ್ವಾದ ಮುಖ್ಯ ಎಂಬ ಸಾಲೂ ಇತ್ತು.

ಶುಕ್ರವಾರ ಡಾಕ್ಟರ ಫೋನು ಬಂತು. ಬಾಸ್ ಸ್ಪೀಕರಿಗೆ ಹಾಕಿದ. ಹೊಗಳುತ್ತಾರೆ ಎಂದುಕೊಂಡಿರಬೇಕು.

"ಎಂತ ಕಳಿಸಿದ್ದು ನೀವು? ಒಬ್ಬನ ಹಲ್ಲಿಗೆ ಜೀಪು ತುಂಬ ಜನ ಬಂದಿದ್ದಾರೆ."

"ಸಾರಿ ಡಾಕ್ಟ್ರೆ, ಈಗಲೇ ಸರಿ ಮಾಡ್ತೇವೆ."

"ನೀವು ಸರಿ ಮಾಡ್ತೀರಿ. ಈಗ ಇಲ್ಲಿ ನಾನು ಎಂತ ಹೇಳುದು? ಹಲ್ಲು ಕೀಳಿಸುವವ ಒಳಗೆ ಕೂತು ನಡುಗ್ತಾ ಇದ್ದಾನೆ. ಅವನ ಅಜ್ಜಿ ಹೊರಗೆ ನನ್ನ ನರ್ಸ್ ಹತ್ತಿರ, ಊಟ ಮೇಲಾ ಕೆಳಗಾ ಅಂತ ಕೇಳ್ತಾ ಇದ್ದಾರೆ."

೩. ತರಿಸಲಾಗಿದೆ

ತರಿಸುವ ಉಪಕರಣಕ್ಕೆ ಬೇಡದ್ದನ್ನು ತೆಗೆದುಹಾಕುವ ಬುದ್ಧಿಯೂ ಇರಬೇಕು ಎಂದು ಆಮೇಲೆ ತೀರ್ಮಾನವಾಯಿತು. ತಂದಿಟ್ಟು ಬಳಸದೆ ಬಿಟ್ಟ ತುಂಡು ಕಂಡರೆ ಅದು ಎಚ್ಚರಿಕೆ ಕೊಡಬೇಕು. ಎಚ್ಚರಿಕೆ ಕನ್ನಡದಲ್ಲೇ ಇರಲಿ ಎಂದ ಬಾಸ್. ಅವನ ಭಾಷಾಭಿಮಾನ ಧಣಿ ಬರುವ ದಿನ ಹೆಚ್ಚಾಗುತ್ತದೆ.

ಧಣಿ ಒಬ್ಬರೇ ಬರಲಿಲ್ಲ. ಟೇಪು ಹಿಡಿದ ಒಬ್ಬ ಕಂಟ್ರಾಕ್ಟರನೂ ಜೊತೆಗಿದ್ದ. ಆತ ಯಾರನ್ನೂ ಕೇಳದೆ ಗೋಡೆಯಿಂದ ಗೋಡೆಗೆ ಅಳೆಯತೊಡಗಿದ. ಟೇಪು ನನ್ನ ಮೇಜಿನ ಮೇಲಿನಿಂದ, ಚಹಾದ ಲೋಟದ ಬದಿಯಿಂದ ಹಾದುಹೋಯಿತು. "ಸ್ವಲ್ಪ ತಲೆ ತಗ್ಗಿಸಿ," ಎಂದ. ತಗ್ಗಿಸಿದೆ.

"ಸ್ಟೇಜ್ ಇಲ್ಲಿ ಬರ್ತದೆ," ಎಂದು ಧಣಿ ಉಳ್ಳಾಲದ ಇಂಜಿನಿಯರ್ ಕೂತ ಜಾಗ ತೋರಿಸಿದರು. ಅವಳು ಕುರ್ಚಿಯನ್ನು ಸ್ವಲ್ಪ ಹಿಂದೆ ಎಳೆದುಕೊಂಡಳು.

ಬಾಸ್ ಗೋಡೆಯ ದೊಡ್ಡ ಟಿ.ವಿ.ಯ ಎದುರು ನಿಂತು ಉಪಕರಣದ ಮಹಿಮೆ ಹೇಳಲು ಹೊರಟ. "ಮಾಮ, ಇದು ನೋಡಿ, ಮನುಷ್ಯರಿಗಿಂತ ಚುರುಕು." ಆ ಹೊತ್ತಿಗೆ ಉಪಕರಣ ಎಲ್ಲೋ ಒಂದು ಬೇಡದ ತುಂಡನ್ನು ಕಂಡುಹಿಡಿಯಿತು. ಬಾಸ್‌ನ ತಲೆಯ ಮೇಲೆ ಸರಿಯಾಗಿ, ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಮೂಡಿತು.

ಧಣಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ಇದನ್ನು ತರಿಸಲಾಗಿದೆ. ಈವರೆಗೆ ಯಾವ ಉಪಯೋಗಕ್ಕೂ ಬಂದಿಲ್ಲ. ತೆಗೆದುಹಾಕಬಹುದೇ?"

ಕಂಟ್ರಾಕ್ಟರನ ಟೇಪು ಟಪ್ಪೆಂದು ಒಳಗೆ ಸುತ್ತಿಕೊಂಡಿತು.

ಧಣಿ ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇವನನ್ನು ಮುಂಬೈಯಿಂದ ತರಿಸಿದ್ದು ನಾನೇ. ನಿಮ್ಮ ಮಿಷನಿಗೆ ಅದು ಹೇಗೆ ಗೊತ್ತಾಯ್ತು?"

"ಅದು ಬೇರೆ ವಿಷಯ ಮಾಮ—"

"ಬೇರೆ ಎಂತದೂ ಅಲ್ಲ, ಸರಿಯಾಗಿಯೇ ಬರೆದಿದೆ. ತೆಗೆದುಹಾಕಬಹುದೇ ಅಂತ ಕೇಳ್ತಾ ಉಂಟಲ್ಲ, ಶನಿವಾರ ಆ್ಯಪ್ ನೋಡಿ ಹೇಳ್ತೇನೆ ಅಂತ ಬರಿ."

೪. ಬಲೆ

ಕಾರ್ಡಿನ ಗೊಂದಲ ಮರುಕಳಿಸಬಾರದು ಎಂದು ಉಳ್ಳಾಲದವಳಿಗೆ ಒಂದು ಉಪಾಯ ಹೊಳೆಯಿತು. ಹೋಟೆಲಿನ ಆ್ಯಪ್‌ನ ತುಂಡುಗಳಿಗೆಲ್ಲ ತುಳು ಹೆಸರು. "ತುಳುವಿನಲ್ಲಿ ಇಟ್ಟರೆ ಲೋಕದಲ್ಲಿ ಬೇರೆ ಯಾರ ಹೆಸರಿಗೂ ಡಿಕ್ಕಿ ಹೊಡೆಯುದಿಲ್ಲ," ಎಂದಳು. ತಿಂಡಿ ಇದೆ ಎಂದು ತಿಳಿಸಿ ಅಡುಗೆಮನೆಗೆ ಆರ್ಡರ್ ಕಳಿಸುವ ಬಟನ್ನಿಗೆ 'ಉಂಡು'. ಘಟ್ಟದ ಮೇಲಿನವರಿಗೆ ಉಂಡು ಎಂದರೆ ಊಟ ಮುಗಿಸಿ ಎಂದಾದೀತು, ತುಳುವಿನಲ್ಲಿ 'ಇದೆ' ಎಂದಷ್ಟೇ ಅರ್ಥ. ಮುಗಿದಿದೆ ಎನ್ನುವುದಕ್ಕೆ 'ಇಜ್ಜಿ', ಅಂದರೆ ಇಲ್ಲ. ಗಿರಾಕಿಯನ್ನು ಸ್ವಾಗತಿಸುವ ಮೊದಲ ಪರದೆಗೆ 'ಬಲೆ', ಅಂದರೆ ಬನ್ನಿ.

ಹೆಸರೆಲ್ಲ ಚೆನ್ನಾಗಿತ್ತು. ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ.

ಬುಧವಾರ ಬಾಸ್ ಆ್ಯಪ್ ತೆರೆದ. ಸ್ವಾಗತದ ಪರದೆ ಬರಲಿಲ್ಲ. ನಡುವೆ ಒಂದು ಬಣ್ಣದ ಉಂಗುರ ತಿರುಗುತ್ತಿತ್ತು. ಚಹಾ ತಣಿದರೂ ತಿರುಗುತ್ತಲೇ ಇತ್ತು.

"ಎಂತ ಇದು, ತಿರುಗ್ತಾನೇ ಉಂಟು?"

"ಬಳೆ," ಎಂದ ಶಕ್ತಿನಗರದ ಡಿಸೈನರ್. "ಕಾಯುವಾಗ ತಿರುಗ್ಲಿಕ್ಕೆ ನಾನೇ ಮಾಡಿದ್ದು. ಚಂದ ಇಲ್ವಾ?"

"ನಾನು ಹಾಕಿದ್ದು ಬಲೆ ಮಾರಾಯ," ಎಂದಳು ಉಳ್ಳಾಲದವಳು. "ಬಳೆ ಯಾರು ಕೇಳಿದ್ದು ನಿನ್ನತ್ರ?"

ಬಾಸ್ ತಲೆ ಕೆರೆದುಕೊಂಡ. "ನಾನು ಬಾಳೆ ಅಂತ ಓದಿದ್ದು. ಎಲೆ ಹಾಕಿ ಬಡಿಸುವ ಚಿತ್ರ ಬರ್ತದೆ ಅಂದ್ಕೊಂಡೆ."

ಬಿ, ಎ, ಎಲ್, ಇ. ಇಂಗ್ಲಿಷಿನಲ್ಲಿ ಮೂರೂ ಒಂದೇ ಎಂದು ನಾನು ಹೇಳಿದೆ. ಮಗುವಿಗೆ ತುಳುವಿನಲ್ಲಿ ಬಾಲೆ ಎನ್ನುತ್ತಾರೆ, ಅದನ್ನೂ ಸೇರಿಸಿದರೆ ನಾಲ್ಕು. ಒಂದೇ ಹೆಸರಿನ ಎರಡು ತುಂಡು ಕಂಡರೆ ಹೊಸದನ್ನು ತರುವಂತೆ ಉಪಕರಣವನ್ನು ತಿದ್ದಿದ್ದರು. ಹೊಸದು ಬಳೆ. ತಂದಿತ್ತು.

ಖಾಲಿ ಲೋಟಗಳನ್ನು ಒಯ್ಯಲು ಬಂದಿದ್ದ ಮ್ಯಾನೇಜರ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಪರದೆಯ ಹತ್ತಿರ ಬಂದು ತಿರುಗುವ ಉಂಗುರವನ್ನು ಸ್ವಲ್ಪ ಹೊತ್ತು ನೋಡಿದರು.

"ಇದರಲ್ಲಿ ತಪ್ಪೆಂತ? ಭಾನುವಾರ ನಮ್ಮಲ್ಲಿ ಆಗುದೇ ಇದು. ಬನ್ನಿ ಬನ್ನಿ ಅಂತ ಕರೆಯುದು, ಟೇಬಲ್ ಇಲ್ಲದೆ ಹೊರಗೆ ತಿರುಗಿಸುದು."

೫. ಬೇಡ ಎಂದರೆ

ತುಳು ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ ಎಂಬ ದೂರು ಬಂದಾಗ ಬಾಸ್ ತಾನೇ ಪರಿಹಾರ ಸೂಚಿಸಿದ. "ತುಳುವಿಗೆ ಎಲ್ಲಿಯ ಸ್ಪೆಲ್ಲಿಂಗ್? ಒಂದಕ್ಷರ ಆಚೀಚೆ ಆದರೆ ಅಡ್ಜಸ್ಟ್ ಮಾಡ್ಲಿ. ಹೇಳಿದ ಹೆಸರು ಸಿಗದಿದ್ದರೆ ಹತ್ತಿರದ್ದು ತರ್ಲಿ."

ಒಂದಕ್ಷರದಲ್ಲಿ ಅರ್ಥ ಬೇರೆಯಾಗುತ್ತದೆ, ಇದು ಬೇಡ ಎಂದೆ.

"ನಿಮ್ಮ ಬಾಯಲ್ಲಿ ಒಮ್ಮೆಯಾದರೂ 'ಆಗಲಿ' ಅಂತ ಬರ್ಲಿ ಮಾರಾಯ್ರೆ," ಎಂದ.

ಶನಿವಾರ ಧಣಿ ಬಂದರು. ಕಂಟ್ರಾಕ್ಟರನೂ ಬಂದ, ಈ ಸಲ ಬಣ್ಣದ ಮಾದರಿಗಳೊಂದಿಗೆ. ಆರ್ಡರ್ ಬಂದ ತಕ್ಷಣ ತಟ್ಟೆಯನ್ನು ಮಾಳಿಗೆಗೆ ಕಳಿಸಬೇಕು, ಒಂದೂ ತಪ್ಪಬಾರದು ಎಂದು ಬಾಸ್ ಅಡುಗೆಮನೆಗೆ ಹೇಳಿಟ್ಟಿದ್ದ. ಆ್ಯಪ್ ಮಾತಾಡುತ್ತಿತ್ತು ಕೂಡ. 'ಉಂಡು' ಎಂಬುದನ್ನು ಮ್ಯಾನೇಜರ್ ಧ್ವನಿಯಲ್ಲೇ ಧ್ವನಿಮುದ್ರಿಸಿದ್ದರು. ಗಲ್ಲಾದಿಂದ ರಸ್ತೆಗೆ ಕೇಳಿಸುವ ಧ್ವನಿ ಅದು.

ಬಾಸ್ ಟ್ಯಾಬ್ ಹಿಡಿದು ಧಣಿಯ ಎದುರು ನಿಂತ. "ಎಂತ ತರ್ಲಿ ಮಾಮ?"

"ಒಂದು ಬಂಗುಡೆ ಪುಳಿಮುಂಚಿ."

ಬಾಸ್ ಹಸಿರು ಬಟನ್ ಒತ್ತಿದ. "ಉಂಡು!" ಎಂದಿತು ಟ್ಯಾಬ್. ಧಣಿಯ ಮುಖ ಅರಳಿತು. ಬಿಸಿ ಬಿಸಿ ತಟ್ಟೆಯೂ ಬಂತು. ನನಗೂ ಮೊದಲ ಸಲ ಸ್ವಲ್ಪ ಭರವಸೆ ಬಂತು.

"ಸರಿ. ಈಗ ಗಿರಾಕಿಗೆ ಬೇಡ ಅನಿಸಿತು. ವಾಪಸ್ ಮಾಡು. ನನಗೆ ಹೇಗೂ ಶನಿವಾರ ಮೀನಿಲ್ಲ."

ಆರ್ಡರ್ ಹಿಂದೆಗೆದುಕೊಳ್ಳುವ ಬಟನ್ನನ್ನು ಡಿಸೈನರ್ ಬೆಳಿಗ್ಗೆಯಷ್ಟೇ, ನಾನು ಮೆಟ್ಟಿಲು ಹತ್ತುತ್ತಿದ್ದಾಗ ಸೇರಿಸಿದ್ದ. ಅದರ ಮೇಲೆ ಹಿಂದಕ್ಕೆ ತಿರುಗಿದ ಬಾಣದ ಚಿತ್ರ ಚೆನ್ನಾಗಿಯೇ ಇತ್ತು. ಬಾಸ್ ಒತ್ತಿದ.

"ಉಂಡು!"

"ಬೇಡ ಅಂದದ್ದು ನಾನು," ಎಂದರು ಧಣಿ.

ಬಾಸ್ ಮತ್ತೊಮ್ಮೆ ಒತ್ತಿದ. "ಉಂಡು!"

ಧಣಿ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಕಡೆ ತಿರುಗಿದರು. "ನೀನು ಸುಮ್ಮನಿರು ಮಾರಾಯ."

"ನಾನು ಬಾಯಿ ಬಿಡ್ಲೇ ಇಲ್ಲ ಧಣಿ!"

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಸಪ್ಲೈಯರ್ ಎರಡು ಕೈಯಲ್ಲಿ ಎರಡು ಬಂಗುಡೆ ತಂದು ಧಣಿಯ ಎದುರು ಇಟ್ಟ. ಧಣಿ ಟ್ಯಾಬ್ ಕಿತ್ತುಕೊಂಡು ತಾವೇ ಬಾಣವನ್ನು ಹೆಬ್ಬೆರಳಿನಿಂದ ಗುದ್ದಿದರು. "ಬೇಡ!"

"ಉಂಡು!"

"ಬೇಡ ಅಂದೆ!"

"ಉಂಡು!"

ಸಪ್ಲೈಯರ್ ಮತ್ತೆ ಬಂದ. ಮೇಜಿನಲ್ಲಿ ಜಾಗ ಸಾಲದೆ ಒಂದು ತಟ್ಟೆಯನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟ. ಉಳ್ಳಾಲದವಳು ಲ್ಯಾಪ್‌ಟಾಪಿನಲ್ಲಿ ಫೈಲ್ ತೆರೆದು ನೋಡಿ ಹಣೆ ಹಿಡಿದುಕೊಂಡಳು.

"ನೀನು ಎಂತ ಹೆಸರು ಟೈಪ್ ಮಾಡಿದ್ದು?" ಎಂದು ಡಿಸೈನರನ್ನು ಪಿಸುಮಾತಿನಲ್ಲಿ ಕೇಳಿದಳು.

"ಎಲ್ಲ ಆ್ಯಪ್‌ನಲ್ಲೂ ಇರುವುದೇ. ಅನ್‌ಡೂ. ಯು, ಎನ್, ಡಿ, ಓ."

"ನಮ್ಮಲ್ಲಿ ಅನ್‌ಡೂ ಇಲ್ವೇ ಇಲ್ಲ. ಇದು ಹತ್ತಿರದ್ದು ಹುಡುಕಿ ತಂದಿದೆ. ಯು, ಎನ್, ಡಿ, ಯು."

ಒಂದಕ್ಷರ. ಅಡ್ಜಸ್ಟ್ ಮಾಡಿತ್ತು.

ಮೂಲೆಯಲ್ಲಿ ಕಂಟ್ರಾಕ್ಟರ್ ಬಣ್ಣದ ಮಾದರಿಗಳನ್ನು ಬದಿಗಿಟ್ಟು ಒಂದು ಬಂಗುಡೆಯ ಮುಳ್ಳು ಬಿಡಿಸತೊಡಗಿದ್ದ. ಧಣಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ತಟ್ಟೆಗಳನ್ನು ಒಂದೊಂದಾಗಿ ಎಣಿಸಿದರು. ಅವರ ಹೊಟ್ಟೆ ಅಲುಗತೊಡಗಿತು. ಕೋಪವೆಂದುಕೊಂಡೆವು. ನಗು.

"ಇಷ್ಟು ವರ್ಷ ಈ ಸಪ್ಲೈಯರ್‌ಗಳಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯ್ತು," ಎಂದರು. "ಒಳಗೆ ಪಾತ್ರೆ ತುಂಬ ಇರ್ತದೆ. ಎದ್ದು ಹೋಗಿ ತರ್ಲಿಕ್ಕೆ ಉದಾಸೀನ. ಎಂತ ಕೇಳಿದರೂ ಮೊದಲು ಬಾಯಿಗೆ ಬರುದು 'ಇಜ್ಜಿ'. ಇದನ್ನು ನೋಡು. ಧಣಿಯೇ ಬೇಡ ಅಂದರೂ ಉಂಡು ಅನ್ನುತ್ತದೆ! ಯಾರು ಕಲಿಸಿದ್ದು ಇದಕ್ಕೆ?"

ಬಾಸ್ ಬಾಯಿ ತೆರೆದ. ಅವನು ಪ್ರಾಮಾಣಿಕ. ಎಲ್ಲ ಬಿಟ್ಟು ಈ ಹೊತ್ತಿಗೆ ಅದು ನೆನಪಾಗಿತ್ತು. "ಮಾಮ, ಅದು ನಿಜವಾಗಿ ಒಂದು ತಪ್ಪು—"

"ತಪ್ಪಿನಿಂದ ಕಲಿತು ಅವರೇ ಮಾಡಿಸಿದ್ದು ಧಣಿ," ಎಂದೆ ನಾನು. "ಹೀಗೇ ಆಗಲಿ ಅಂತ."

ಆಗಲಿ ಎಂಬ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ಬಾಸ್ ಧಣಿಯನ್ನು ಬಿಟ್ಟು ನನ್ನನ್ನೇ ನೋಡಿದ. ಆಮೇಲೆ ಮಾವನ ಕಡೆ ತಿರುಗಿ, ಎಲ್ಲರೂ ಕೇಳಬೇಕೆಂದಿದ್ದುದನ್ನು ಕೇಳಿದ.

"ಹಾಗಾದರೆ ಮಾಮ, ನಮ್ಮ ಆಫೀಸು?"

ಧಣಿ ಕಂಟ್ರಾಕ್ಟರನನ್ನು ನೋಡಿದರು. ಅವನು ಎರಡನೇ ಬಂಗುಡೆಯಲ್ಲಿದ್ದ. ಅಳಿಯನನ್ನು ನೋಡಿದರು. ತೋರುಬೆರಳು ಎತ್ತಿ ಮೆಲ್ಲನೆ ಬಾಣವನ್ನು ಒತ್ತಿದರು.

"ಉಂಡು!"

ನಾವು ಚಪ್ಪಾಳೆ ತಟ್ಟುವ ಮೊದಲೇ ಮೆಟ್ಟಿಲಲ್ಲಿ ಸಪ್ಲೈಯರ್‌ನ ಹೆಜ್ಜೆ ಕೇಳಿಸಿತು.